ಪರದೆ ದಾಟಿದ ಫೋನ್ ನಂಬರ್

ಮಾರ್ಚ್ ೧೧, ಮಂಗಳವಾರ

ಕೋಪ ಬಂದಾಗ ಕೂಗಾಡಬೇಡಿ, ಮಲಗುವ ಮುಂಚೆ ಬರೆದಿಡಿ ಅಂದಿದ್ದಾರೆ ಡಾಕ್ಟರು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟರೆ ಕೋಪ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಇವತ್ತು ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ ದಾರಿಯಲ್ಲಿ ಸಿಕ್ಕಳು. ಅವಳ ಬಚ್ಚಲಿಗೆ ಟೈಲ್ಸ್ ಹಾಕಬೇಕಾಗಿದ್ದವನು ನಾನು. "ನಿಮ್ಮ ವೆಬ್ ಪೇಜಲ್ಲಿ ಫೋನ್ ನಂಬರೇ ಇಲ್ವಲ್ಲ! ಕೆಲಸ ಬಿಟ್ರೇನೋ ಅಂದ್ಕೊಂಡು ಬೇರೆಯವರಿಗೆ ಹೇಳ್ಬಿಟ್ಟೆ" ಅಂದಳು. ಈ ತಿಂಗಳು ಹೀಗೆ ಕೈತಪ್ಪಿದ ಮೂರನೇ ಮನೆ.

ಪೇಜು ಮಾಡಿದವಳು ತಮ್ಮನ ಮಗಳು. ಹೋಗಿ ಮೊಬೈಲನ್ನು ಅವಳ ಮುಖಕ್ಕೆ ಹಿಡಿದೆ. ಮೂರು ಕಾಲಂಗಳಲ್ಲಿ ಎರಡೇ ಕಾಣುತ್ತವೆ. ನಂಬರ್ ಇರುವ ಮೂರನೆಯದು ಪರದೆಯಾಚೆ.

"ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದ್ಯಲ್ಲ ದೊಡ್ಡಪ್ಪ. ಗ್ರಿಡ್ಡಲ್ಲಿ, ಅಂದ್ರೆ ಪೇಜಿನ ಚೌಕಟ್ಟಲ್ಲಿ, ಒಂದೊಂದು ಕಾಲಂಗೂ ಇಷ್ಟೇ ಅಗಲ ಅಂತ ಅಳತೆ ಕೊಟ್ಟಿದೀನಿ."

"ನಡುಮನೆ ಅಳತೆ ಹಿಡ್ಕೊಂಡು ಬಚ್ಚಲಿಗೆ ಟೈಲ್ಸ್ ಹಾಕ್ತಾರೇನೇ? ಕೊನೇದು ಪಕ್ಕದ ಮನೆಗೆ ಹೋಗುತ್ತೆ!"

ನಕ್ಕಳು. ಪರದೆ ಚಿಕ್ಕದಾದರೆ ಕಾಲಂಗಳು ತಾವೇ ಒಂದರ ಕೆಳಗೊಂದು ಇಳಿಯುವಂತೆ ಮಾಡಬಹುದಂತೆ. ಅದಕ್ಕೆ ಒಂದೇ ಸಾಲು ಬರೆದರೆ ಸಾಕಂತೆ. "ಆದ್ರೆ ಚೆಂದ ಕಾಣಲ್ಲ ದೊಡ್ಡಪ್ಪ."

ಒಂದೇ ಸಾಲು! ನಾವು ಸಿಮೆಂಟು ಕಲಸುವ ಮೊದಲು ಟೈಲ್ಸನ್ನು ಬರೀ ನೆಲದ ಮೇಲೆ ಜೋಡಿಸಿ, ಕೊನೆಯದು ಗೋಡೆಗೆ ಕೂರುತ್ತದೋ ಇಲ್ಲವೋ ನೋಡುತ್ತೇವೆ. ಇವಳು ಮೊಬೈಲಿನಲ್ಲಿ ಒಮ್ಮೆಯೂ ತೆರೆದು ನೋಡಿಲ್ಲ. ನನ್ನ ಜೊತೆ ದುಡಿಯುವ ಇಬ್ಬರು ಕೈಕಟ್ಟಿ ಕೂತಿದ್ದಾರೆ, ಇವಳಿಗೆ ಚೆಂದದ ಚಿಂತೆ.

ಈ ಹಾಳೆಯನ್ನೇ ಹರಿದು ಬೆಳಿಗ್ಗೆ ಅವಳ ಕೈಗೆ ಕೊಡುತ್ತೇನೆ. ಕೇಳೇ ಹುಡುಗಿ, ಆ ಒಂದು ಸಾಲು ಬರೆಯುತ್ತೀಯೋ, ಪೇಜನ್ನೇ ಅಳಿಸಿಹಾಕುತ್ತೀಯೋ? ಶುಕ್ರವಾರ, ಹದಿನಾಲ್ಕನೇ ತಾರೀಖಿನೊಳಗೆ ನನಗೆ ಉತ್ತರ ಬೇಕು.