ಅಪ್ಪನ ಹಳೆಯ ಚೀಟಿ

ಮಾರ್ಚ್ ೧೪, ಗುರುವಾರ

ಆ ಪದ ಇನ್ನು ನನ್ನ ನಿದ್ದೆ ಕೆಡಿಸದು. ಒಂಬತ್ತು ವರ್ಷದ ಹಿಂದೆ ವಯಸ್ಸಾದ ಡಾಕ್ಟರೊಬ್ಬರು ಅಪ್ಪನ ಚೀಟಿಯಲ್ಲಿ ‘ಕಾರ್ಡಿಯಾಲ್ಜಿಯಾ’ ಎಂದು ಬರೆದಿದ್ದರು. ನಿಘಂಟು ನೋಡಿ, ‘ಹೃದಯಶೂಲೆ’ ಎಂದು ಮನೆಗೆಲ್ಲ ಸಾರಿದವನು ನಾನೇ. ಅಂದಿನಿಂದ ಅಮ್ಮ ಅಪ್ಪನಿಗೆ ಎದುರಾಡಿದ್ದೇ ಇಲ್ಲ.

ಇವತ್ತು ಹೊಸ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಚೀಟಿ ಓದಿ ನಕ್ಕರು. “ಹೃದಯ ಗಟ್ಟಿಯಾಗಿದೆ. ಇದು ಓಬೀರಾಯನ ಕಾಲದ ಪದ. ಆಗಿನವರು ಬರೀ ಎದೆಯುರಿಗೂ ಇದನ್ನೇ ಬರೀತಿದ್ರು.”

ದಾರಿಯುದ್ದಕ್ಕೂ ಅಮ್ಮ ಆ ಚೀಟಿಯನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಮನೆಗೆ ಬಂದು ಮುಖ ತೊಳೆದ ಅಪ್ಪ, ಎಂದಿನಂತೆ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರು.

“ಒಂಬತ್ತು ವರ್ಷ ಸಹಿಸ್ಕೊಂಡಿದೀನಿ. ಎತ್ರೀ ಅದನ್ನ,” ಎಂದರು ಅಮ್ಮ.

ಅಪ್ಪ ಎತ್ತಿದರು.

ಪಕ್ಕದ ಕೋಣೆಯಲ್ಲಿ ಬೈಗುಳ ಇನ್ನೂ ನಿಂತಿಲ್ಲ. ಒಂಬತ್ತು ವರ್ಷದ್ದು, ಅಷ್ಟು ಬೇಗ ಮುಗಿದೀತೆ? ಕೇಳುತ್ತ ಕೇಳುತ್ತ ನನಗೆ ಹಾಯಾಗಿ ನಿದ್ದೆ…