ಗಲ್ಲದಾಗಿನ ಗಾಳಿ

ಮಸ್ಕಿ, ೧೧ ಮಾರ್ಚ್ ೧೯೫೨, ಮಂಗಳವಾರ

ಎಡಗಲ್ಲ ಇನ್ನೂ ಉರಿಯಾಕತ್ತೈತಿ. ಸನಾದಿ ಊದುವಾಗ ನನ್ನ ಗಲ್ಲ ಉಬ್ಬಿತಂದ್ರ ಕಲಿಸೂ ಹುಲಗಪ್ಪ ಮಾವ ಹೊಡೀತಾನ. "ಗಲ್ಲದಾಗ ಗಾಳಿ ನಿಲ್ಲಬಾರದಲೇ, ಸ್ವರ ಕೆಡತೈತಿ" ಅಂತಾನ. ತಾನು ಮಾತ್ರ ಬಾಯಿಗೆ ಶಲ್ಯ ಮುಚ್ಚಿಕೊಂಡು ಊದತಾನ. ದೃಷ್ಟಿ ಆಗಬಾರದಂತ. ನಾ ನಂಬಿದ್ದೆ.

ಸಂಜಿಗೆ ಅವರ ಹಿತ್ತಲಕ್ಕ ಹೋದೆ. ಮಾವ ತನ್ನ ಮಗ ಯಂಕೋಬನ ಕಡಿಂದ ತಂಬಿಗಿ ನೀರಾಗ ಉಳ್ಳಾಗಡ್ಡಿ ದಂಟು ಊದಿಸಾಕತ್ತಿದ್ದ. "ಗಲ್ಲದ ತುಂಬ ಗಾಳಿ ಹಿಡಕೋ. ಅದನ್ನ ಹೊರಗ ಬಿಡಕೋತ ಮೂಗಿಲೆ ಉಸಿರು ಎಳಕೋ." ಗುಳ್ಳಿ ಒಂದು ಗಳಿಗಿ ನಿಲ್ಲಲಿಲ್ಲ.

ಶಲ್ಯ ತನ್ನ ಉಬ್ಬಿದ ಗಲ್ಲ ಮುಚ್ಚಾಕಂತ ಆಗ ತಿಳೀತು. ಮದುವಿ ಮನ್ಯಾಗ ಉಸಿರು ಸಾಲದ ನಾ ಊದೂದು ನಡುವ ನಿಲ್ಲಿಸಿದಾಗೆಲ್ಲ ಮಾವ ಬೆನ್ನು ಸವರಿ, "ನೀ ನನ್ನ ಮಗ ಇದ್ದಂಗ" ಅಂತಿದ್ದ.

ಆ "ಇದ್ದಂಗ" ನನಗ ಇವತ್ತ ಕೇಳಿಸ್ತು.