ಹೂಂ ಎನ್ನಬಾರದ ಗುಂಡಿ

ಹುಬ್ಬಳ್ಳಿ,
ಇಸವಿ ೨೩೪೧, ಹದಿಮೂರನೇ ತಿಂಗಳ ಮೊದಲ ಸೋಮವಾರ

ಗುಂಡಿಯ ಅಂಚಿನಲ್ಲಿ ನಿಂತಿರುವ ಹಿಂದಿನ ಕಾಲದ ಹಿರಿಯರಿಗೆ ಶಿವಗಂಗೆ ಎಂಬ ಹೆಣ್ಣುಮಗಳ ನಮಸ್ಕಾರಗಳು.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಮನ್ನಿಸಿ. ಹದಿಮೂರನೇ ತಿಂಗಳು ನಿಮ್ಮಲ್ಲಿರಲಿಲ್ಲ, ಒಳದನಿಯೂ ಇರಲಿಲ್ಲ. ನಿಮ್ಮ ಕೈಯಲ್ಲಿರುವ ಮೊಬೈಲು ನಮ್ಮ ಕಾಲಕ್ಕೆ ಕಿವಿಯೊಳಗೇ ಹೋಗಿ ಕೂತಿದೆ, ಅದಕ್ಕೇ ಒಳದನಿ ಎಂಬ ಹೆಸರು. ರೊಟ್ಟಿ ಬಡಿಯುವಾಗಲೂ ಸ್ನಾನ ಮಾಡುವಾಗಲೂ ಯಾರೋ ಒಬ್ಬರು ಅದರಲ್ಲಿ ಮಾತಾಡುತ್ತಲೇ ಇರುತ್ತಾರೆ, ನಾವು ಹೂಂಗುಟ್ಟುತ್ತಲೇ ಇರುತ್ತೇವೆ. ಯಾರಿಗೆ ಹೂಂ ಅಂದೆವೆಂಬುದು ಪಕ್ಕದಲ್ಲಿದ್ದವರಿಗೆ ತಿಳಿಯುವುದಿಲ್ಲ.

ಕರೆಂಟು ಮಾತ್ರ ಇಂದಿಗೂ ನೀವು ಹೂತಿಟ್ಟ ಕೇಬಲ್‌ಗಳಲ್ಲೇ ಹರಿಯುತ್ತಿದೆ. ಎಲ್ಲಿ ಹೂತಿರೆಂದು ಗುರುತು ಮಾಡದೆ ಮಣ್ಣು ಮುಚ್ಚಿ ಹೊರಟುಹೋದಿರಿ. ಹಾಗಾಗಿ ಕೇಬಲ್ ಕೆಟ್ಟಾಗಲೆಲ್ಲ ಯಂತ್ರ ಇಳಿಸಲು ಹೆದರಿ ನಾವು ಹಾರೆ, ಸಲಿಕೆ ಹಿಡಿದು ಅಗೆಯುತ್ತೇವೆ. ಗುಂಡಿಯಲ್ಲಿದ್ದವರು ಅಡಿಗೊಮ್ಮೆ ಮೇಲಿನವರನ್ನು ಕೇಳಬೇಕು. ಮೇಲಿನವರು ಲೈನು ಬಂದ್ ಆಗಿದೆಯೇ ನೋಡಿ ಉತ್ತರಿಸಬೇಕು.

ನನ್ನ ಗಂಡ ಮೈಲಾರಿಯೂ ಕೇಳಿದ್ದರು.

"ಅಗೀಲೇನ್ರಿ?"

ಮೇಲಿದ್ದ ಮೇಸ್ತ್ರಿ ರುದ್ರಗೌಡರು "ಹೂಂ" ಅಂದರು. ಅಂದದ್ದು ಮೈಲಾರಿಗಲ್ಲ, ಸಂಜೆಗೆ ಮಿರ್ಚಿ ಕರಿಯಲೇ ಎಂದು ಒಳದನಿಯಲ್ಲಿ ಕೇಳಿದ ಹೆಂಡತಿಗೆ. ಲೈನು ಬಂದ್ ಆಗಿರಲಿಲ್ಲ. ಮೈಲಾರಿ ಹಾರೆ ಹಾಕಿದರು. ಮನೆಗೆ ತಂದಾಗ ಅವರ ಕೈಗಳಿಗೆ ಬಟ್ಟೆ ಸುತ್ತಿದ್ದರು, ನನಗೆ ನೋಡಗೊಡಲಿಲ್ಲ. ರುದ್ರಗೌಡರು ಆಮೇಲೆ ಮಿರ್ಚಿ ಮುಟ್ಟಿಲ್ಲವಂತೆ. ಮುಟ್ಟದಿದ್ದರೆ ನನಗೇನು ಬಂತು?

ಅಂದಿನಿಂದ ನಮ್ಮಲ್ಲಿ ಗುಂಡಿಯ ಬಳಿ ಯಾರೂ ಹೂಂ ಎನ್ನುವಂತಿಲ್ಲ. ಒಳದನಿಯನ್ನು ಕಿವಿಯಿಂದ ತೆಗೆದು ಡಬ್ಬಿಗೆ ಹಾಕಬೇಕು. ಕೇಳಿದವರ ಮುಖ ನೋಡಿ, ಹೆಸರು ಹಿಡಿದು ಕರೆದು, 'ಅಗಿ' ಎನ್ನಬೇಕು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದನ್ನೇ ಕಲಿಸುತ್ತೇವೆ. ಆದರೂ ಕದ್ದು ಕಿವಿಯಲ್ಲಿ ಇಟ್ಟುಕೊಳ್ಳುವವರಿದ್ದಾರೆ, ಮರೆತು ಹೂಂ ಎನ್ನುವವರೂ ಇದ್ದಾರೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಮಣ್ಣು ಮುಚ್ಚುವ ಮುನ್ನ ಕೇಬಲ್ಲಿನ ಮೇಲೆ ಹಳದಿ ಪಟ್ಟಿ ಹಾಸಿ, ರಸ್ತೆಯಂಚಿಗೆ ಒಂದು ಗುರುತಿನ ಕಲ್ಲು ನೆಡಿ. ಗುಂಡಿಯಿಂದ ಯಾರಾದರೂ ಕೂಗಿದರೆ ಮೊಬೈಲನ್ನು ಜೇಬಿಗಿಟ್ಟು ಅವರ ಮುಖ ನೋಡಿ.

ಅಪ್ಪನ ಕೆಲಸವೇ ಬೇಕೆಂದು ಹಟ ಹಿಡಿದ ಮಗಳು ಚಂಪಾವತಿಗೆ ಇಂದು ಗುಂಡಿಯಲ್ಲಿ ಮೊದಲ ದಿನ. ಇದನ್ನು ಬರೆಯುತ್ತಿರುವಾಗಲೇ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಾಳೆ.

"ಅವ್ವಾ, ಹೋಗಿ ಬರ್ಲೇನು?"

ಬಾಯಿಗೆ ಬಂದದ್ದು ಅದೊಂದೇ ಮಾತು. ನುಂಗಿಕೊಂಡೆ. ಪೆನ್ನು ಕೆಳಗಿಡುತ್ತೇನೆ, ಅವಳ ಮುಖ ನೋಡಿ ಉತ್ತರ ಹೇಳಬೇಕು.